ವೆಬ್ ಪುಟದಿಂದ ಕನ್ನಡ ಪಿಡಿಎಫ್: ಒತ್ತಕ್ಷರ ಒಡೆಯುತ್ತಿದೆ, ದೊಡ್ಡ ಖಾತೆ ಖಾಲಿ ಬರುತ್ತಿದೆ

ಯಾರ್ಡ್_ವೆಬ್ (ದಾವಣಗೆರೆ) ಕೇಳಿದ್ದು:

ನಮಸ್ಕಾರ. ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಮಂಡಿಗೆ ಲೆಕ್ಕದ ವೆಬ್ ಪುಟ ತಯಾರಾಗುತ್ತಿದೆ. ಮೆಕ್ಕೆಜೋಳದ ತೂಕ ಮುಗಿದ ಮೇಲೆ ರೈತರಿಗೆ ಕೊಡುವ ಪಟ್ಟಿ ಎ5 ಅಳತೆಯದು, ಒಂದೇ ಪುಟ: ಹೆಸರು, ಊರು, ಚೀಲ, ಕ್ವಿಂಟಲ್, ದರ, ಹಮಾಲಿ, ತೂಕದ ಖರ್ಚು, ಕೈಗೆ ಸಿಗುವ ಮೊತ್ತ. ತಿಂಗಳ ಕೊನೆಗೆ ಅಷ್ಟೂ ಪಟ್ಟಿಗಳ ಖಾತೆ ಎ4ರಲ್ಲಿ ಸುಮಾರು 40 ಪುಟ ಆಗುತ್ತದೆ. ಸರ್ವರ್ ಇಲ್ಲ, ಬರೀ ಸ್ಟ್ಯಾಟಿಕ್ ಹೋಸ್ಟಿಂಗ್. ಹಾಗಾಗಿ ಪಿಡಿಎಫ್ ಬ್ರೌಸರಿನೊಳಗೇ ಜಾವಾಸ್ಕ್ರಿಪ್ಟಿನಲ್ಲಿ ಆಗಬೇಕು.

ಮೊದಲು ಜೆಎಸ್‌ಪಿಡಿಎಫ್ (ಬ್ರೌಸರಿನಲ್ಲೇ ಪಿಡಿಎಫ್ ಮಾಡುವ ಲೈಬ್ರರಿ, ಅಂದರೆ ಸಿದ್ಧ ಕೋಡು) ಹಾಕಿದೆ. ನೋಟೋ ಸಾನ್ಸ್ ಕನ್ನಡದ ಟಿಟಿಎಫ್ ಫೈಲನ್ನು ಸೇರಿಸಿ ಟೆಕ್ಸ್ಟ್ ಕರೆ ಮಾಡಿದರೆ "ದಾವಣಗೆರೆ" ಹೇಗೋ ಓದಲು ಬರುತ್ತದೆ. "ಚಿತ್ರದುರ್ಗ" ಪೂರ್ತಿ ಒಡೆದು ಹೋಗುತ್ತದೆ. "ಹೊಳಲ್ಕೆರೆ", "ಮೊಳಕಾಲ್ಮೂರು", "ಮೆಕ್ಕೆಜೋಳ" ಎಲ್ಲವೂ ಹಾಗೇ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಇಂಗ್ಲಿಷ್ ಸಾಲುಗಳಲ್ಲಿ ₹ ಇರಬೇಕಾದ ಕಡೆ ಮೇಲ್ಗಡೆ ಒಂದು ಸಣ್ಣ 1 ಬರುತ್ತದೆ.

ಆಮೇಲೆ ಎಚ್‌ಟಿಎಂಎಲ್2ಪಿಡಿಎಫ್ (ವೆಬ್ ಪುಟವನ್ನು ಚಿತ್ರ ಮಾಡಿ ಪಿಡಿಎಫ್‌ಗೆ ಹಾಕುವ ಲೈಬ್ರರಿ), ಸ್ಕೇಲ್ 2 ಇಟ್ಟು, ಅಂದರೆ ಅಗಲ ಎತ್ತರ ಎರಡಕ್ಕೂ ಎರಡು ಪಟ್ಟು ಪಿಕ್ಸೆಲ್. ಇದರಲ್ಲಿ ಅಕ್ಷರ ಸರಿ ಇದೆ. ಆದರೆ 40 ಪುಟದ ಖಾತೆ ಡೆಸ್ಕ್‌ಟಾಪ್ ಕ್ರೋಮಿನಲ್ಲೂ ಬಿಳಿ ಹಾಳೆಗಳಾಗಿಯೇ ಇಳಿಯುತ್ತದೆ. ಕನ್ಸೋಲಿನಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಹಳೆಯ ಐಫೋನಿನಲ್ಲಿ 6 ಪುಟಕ್ಕೇ ಬಿಳಿ. ಪುಟದ ತಳದಲ್ಲಿ ಒಂದು ಸಾಲು ಅಡ್ಡಡ್ಡ ಸೀಳಿ ಅರ್ಧ ಇಲ್ಲಿ, ಅರ್ಧ ಮುಂದಿನ ಪುಟದಲ್ಲಿ ಬೀಳುತ್ತದೆ. ಫೋನಿನಲ್ಲಿ ಮಾಡಿದ ಪಿಡಿಎಫ್ ಕಂಪ್ಯೂಟರಿನಲ್ಲಿ ಮಾಡಿದ ಹಾಗೆ ಇರುವುದಿಲ್ಲ.

ಯಾವ ದಾರಿ ಹಿಡಿಯುವುದು? ಕಾರಣದ ಸಮೇತ ತಿಳಿಸಿದರೆ ಉಪಕಾರ.

---

ಕಲ್ಲಿನಕೋಟೆ (ಚಿತ್ರದುರ್ಗ):

ಮೊದಲೇ ಒಂದು ಮಾತು. ಗುಣ, ಆಯ್ಕೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಕೋಡಿನಲ್ಲಿ ಇಂಗ್ಲಿಷ್ ಕಾಗುಣಿತ ಹಾಕಿಕೊಳ್ಳಿ.

ಅಕ್ಷರ ಒಡೆಯುವುದಕ್ಕೆ ಫಾಂಟ್ ಕಾರಣ ಅಲ್ಲ, ಎಷ್ಟು ಯುನಿಕೋಡ್ ಫಾಂಟ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. "ಚಿತ್ರದುರ್ಗ" ಯುನಿಕೋಡಿನಲ್ಲಿ 10 ಸಂಕೇತ: ಚ, ಇಕಾರದ ಗುರುತು, ತ, ವಿರಾಮ, ರ, ದ, ಉಕಾರದ ಗುರುತು, ರ, ವಿರಾಮ, ಗ. ಇವನ್ನು ಕಣ್ಣಿಗೆ ಕಾಣುವ ಅಕ್ಷರ ಮಾಡಬೇಕಾದರೆ ಚ ಮತ್ತು ಇಕಾರ ಸೇರಿ "ಚಿ" ಎಂಬ ಒಂದೇ ರೂಪ ಆಗಬೇಕು, ತ-ವಿರಾಮ-ರ ಮೂರೂ ಸೇರಿ "ತ್ರ" ಆಗಬೇಕು, ಕೊನೆಯ "ರ್ಗ"ದಲ್ಲಿ ಮೊದಲು ಬರುವ ರ, ಗ ಅಕ್ಷರದ ನಂತರಕ್ಕೆ ಸರಿದು ಅರ್ಕಾವೊತ್ತಾಗಿ ಕೂರಬೇಕು. ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಕೈಯಿಂದ ಮಾಡುತ್ತಿದ್ದ ಕೆಲಸವೇ ಇದು. ಈ ಜೋಡಣೆಯ ನಿಯಮಗಳು ಫಾಂಟಿನ ಒಳಗಿನ ಕೋಷ್ಟಕಗಳಲ್ಲಿ ಇರುತ್ತವೆ, ಅವನ್ನು ಓದಿ ನಡೆಸಲು ಬೇರೆ ಎಂಜಿನ್ ಬೇಕು. ಕ್ರೋಮ್ ಮತ್ತು ಫೈರ್‌ಫಾಕ್ಸ್ ಒಳಗೆ ಆ ಕೆಲಸ ಮಾಡುವುದು ಹಾರ್ಫ್‌ಬಜ್. ಜೆಎಸ್‌ಪಿಡಿಎಫ್‌ನಲ್ಲಿ ಕನ್ನಡಕ್ಕೆ ಅಂಥ ಎಂಜಿನ್ ಇಲ್ಲ. ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ತೆಗೆದು ಸಾಲಾಗಿ ಇಡುತ್ತದೆ. "ದಾವಣಗೆರೆ"ಯಲ್ಲಿ ಒತ್ತಕ್ಷರವೇ ಇಲ್ಲವಲ್ಲ, ಅದಕ್ಕೇ ಹೇಗೋ ಓದಲು ಬರುತ್ತಿದೆ. ಹಿಗ್ಗಿಸಿ ನೋಡಿ, "ದಾ", "ಗೆ", "ರೆ" ಅಕ್ಷರಗಳಲ್ಲೂ ತಲೆಕಟ್ಟು ಹಾಗೇ ಉಳಿದು ಅದರ ಪಕ್ಕಕ್ಕೆ ಸ್ವರದ ಗುರುತು ಅಂಟಿರುತ್ತದೆ.

₹ ತೊಂದರೆ ಬೇರೆ. ಪಿಡಿಎಫ್ ಓದುಗಗಳಲ್ಲಿ ಮೊದಲಿನಿಂದ ಇರುವ 14 ಫಾಂಟುಗಳ ಪೈಕಿ ಹೆಲ್ವೆಟಿಕಾ ಒಂದು. ಅದರ ಎನ್‌ಕೋಡಿಂಗಿನಲ್ಲಿ ರೂಪಾಯಿ ಗುರುತು ಇಲ್ಲ. ಗುರುತಿನ ಸಂಕೇತ 20ಬಿ9. ಅದರ ಹಿಂದಿನ ಅರ್ಧ ಬಿ9 ಮಾತ್ರ ಉಳಿದು, ಆ ಸ್ಥಾನದಲ್ಲಿರುವ ಮೇಲ್ಬರಹದ 1 ಅಚ್ಚಾಗುತ್ತದೆ. ಮೊತ್ತದ ಮುಂದೆ ಒಂದು 1 ನಿಂತರೆ ರೈತರು ಏನು ಓದಿಕೊಳ್ಳಬೇಕು? ಲೆಕ್ಕದ ಕಾಗದದಲ್ಲಿ ಇದನ್ನು ಒಂದು ದಿನವೂ ಹಾಗೇ ಬಿಡಬೇಡಿ. ₹ ಇರುವ ಟಿಟಿಎಫ್ ಹಾಕಿ, ಇಲ್ಲವೇ "ರೂ." ಎಂದೇ ಬರೆಯಿರಿ.

ನನ್ನ ಸಲಹೆ: 40 ಪುಟದ ಖಾತೆಗೆ ಯಾವ ಲೈಬ್ರರಿಯೂ ಬೇಡ. ಮುದ್ರಣಕ್ಕೆಂದೇ ಸಿಎಸ್‌ಎಸ್ ಬರೆದು ವಿಂಡೋ.ಪ್ರಿಂಟ್() ಕರೆಯಿರಿ, ಬಳಕೆದಾರರು "ಸೇವ್ ಆಸ್ ಪಿಡಿಎಫ್" ಆರಿಸಲಿ. ಅಕ್ಷರ ಜೋಡಿಸುವುದು ಬ್ರೌಸರೇ, ಫಾಂಟಿನಲ್ಲಿ ಬೇಕಾದಷ್ಟನ್ನು ಮಾತ್ರ ಒಳಗಿಡುವುದೂ ಅದೇ. ಅಕ್ಷರ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ, ಪುಟ ಎಷ್ಟಿದ್ದರೂ ಕ್ಯಾನ್ವಾಸ್ (ಬ್ರೌಸರ್ ಚಿತ್ರ ಬಿಡಿಸುವ ಹಾಳೆ) ಮಿತಿಯ ಮಾತೇ ಬರುವುದಿಲ್ಲ.

ಮಾಡಬೇಕಾದ್ದು ಹೀಗೆ. @ಪೇಜ್ ನಿಯಮದಲ್ಲಿ ಸೈಜ್ ಎ4, ಮಾರ್ಜಿನ್ ಮೇಲೆ 12 ಮಿ.ಮೀ., ಎಡಬಲ 10, ಕೆಳಗೆ 15 ಕೊಡಿ. ಸಾಲುಗಳಿಗೆ ಬ್ರೇಕ್-ಇನ್‌ಸೈಡ್ ಅವಾಯ್ಡ್ ಕೊಟ್ಟರೆ ಸಾಲು ಸೀಳುವುದು ನಿಲ್ಲುತ್ತದೆ. ಕೋಷ್ಟಕದ ತಲೆಸಾಲು ಟಿಹೆಡ್ ಒಳಗೇ ಇರಲಿ, ಪ್ರತಿ ಪುಟದ ಮೇಲೂ ತಾನಾಗಿ ಬರುತ್ತದೆ. ಆದರೆ ಅದು ಪುಟದ ಎತ್ತರದ ಕಾಲು ಭಾಗ ಮೀರಬಾರದು. ಮಂಡಿಯ ಹೆಸರು, ವಿಳಾಸ, ಲಾಂಛನ ಎಲ್ಲ ಟಿಹೆಡ್‌ಗೆ ತುರುಕಿದರೆ ಮರುಕಳಿಸುವುದು ನಿಂತುಹೋಗಬಹುದು. ಬಣ್ಣದ ಹಿನ್ನೆಲೆ ಬೇಕಿದ್ದರೆ ಪ್ರಿಂಟ್-ಕಲರ್-ಅಡ್ಜಸ್ಟ್ ಎಕ್ಸಾಕ್ಟ್ ಕೊಡಿ, ಇಲ್ಲದಿದ್ದರೆ ಬ್ರೌಸರ್ ಶಾಯಿ ಉಳಿಸಲು ಹಿನ್ನೆಲೆ ತೆಗೆದುಬಿಡುತ್ತದೆ. ಕ್ರೋಮ್ 131ರಿಂದ ಈಚೆಗೆ @ಪೇಜ್ ಒಳಗೆ @ಬಾಟಮ್-ಸೆಂಟರ್ ಬರೆದು ಕೌಂಟರ್(ಪೇಜ್), ಕೌಂಟರ್(ಪೇಜಸ್) ಹಾಕಿದರೆ "ಪುಟ 3 / 40" ಎಂದು ಬರುತ್ತದೆ.

ಖಾತೆ ಒಂದೇ ಪುಟಕ್ಕೆ ಕತ್ತರಿಸಿಕೊಂಡರೆ ಹೊರಗಿನ ಡಬ್ಬಿಗಳನ್ನು ಹುಡುಕಿ. ಎಲ್ಲೋ ಒಂದು ಕಡೆ ಹೈಟ್ 100ವಿಎಚ್ ಅಥವಾ ಓವರ್‌ಫ್ಲೋ ಆಟೋ ಇದ್ದೇ ಇರುತ್ತದೆ. ಮುದ್ರಣದ ಸಿಎಸ್‌ಎಸ್‌ನಲ್ಲಿ ಅವನ್ನು ಆಟೋ ಮತ್ತು ವಿಸಿಬಲ್ ಮಾಡಿ. ಪೊಸಿಷನ್ ಫಿಕ್ಸ್ಡ್ ಇರುವ ಮೆನುಪಟ್ಟಿ ಪ್ರತಿ ಪುಟದ ಮೇಲೂ ಅಚ್ಚಾಗುತ್ತದೆ, ಅದನ್ನೂ ಅಡಗಿಸಿ.

ಫಾಂಟ್ ವಿಷಯದಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಮುದ್ರಣದಲ್ಲಿ ಮಾತ್ರ ಕಾಣುವ ಭಾಗದ ಫಾಂಟನ್ನು ಬ್ರೌಸರ್ ಮೊದಲೇ ತರಿಸಿಟ್ಟಿರುವುದಿಲ್ಲ. ಡಾಕ್ಯುಮೆಂಟ್.ಫಾಂಟ್ಸ್.ರೆಡಿ ಕಾದರೆ ಸಾಲದು, ಡಾಕ್ಯುಮೆಂಟ್.ಫಾಂಟ್ಸ್.ಲೋಡ್ ಕರೆಯಬೇಕು. ಅದಕ್ಕೆ ಎರಡನೆಯ ಆರ್ಗ್ಯುಮೆಂಟಾಗಿ "ಕನ್ನಡ" ಎಂಬಂಥ ಒಂದು ಪದವನ್ನೂ ಕೊಡಬೇಕು. ಗೂಗಲ್ ಫಾಂಟ್ಸ್ ಕೊಡುವ ಸಿಎಸ್‌ಎಸ್ ಒಂದೇ ಫಾಂಟನ್ನು ಯುನಿಕೋಡ್-ರೇಂಜ್ ಪ್ರಕಾರ ತುಂಡು ಮಾಡಿಟ್ಟಿರುತ್ತದೆ. ಪದ ಕೊಡದಿದ್ದರೆ ಬರೀ ಒಂದು ಸ್ಪೇಸ್ ಎಂದುಕೊಂಡು ಇಂಗ್ಲಿಷ್ ತುಂಡನ್ನಷ್ಟೇ ತರಿಸುತ್ತದೆ, ಕನ್ನಡದ ತುಂಡು ಬರುವುದೇ ಇಲ್ಲ. ಚಿತ್ರಗಳಿಗೂ ಇದೇ ಕಾಳಜಿ ಬೇಕು: ಲೋಡಿಂಗ್ ಲೇಜಿ ಇದ್ದರೆ ತೆಗೆದು, ಪ್ರತಿ ಚಿತ್ರದ ಡೀಕೋಡ್() ಮುಗಿದ ಮೇಲೆ ಪ್ರಿಂಟ್ ಕರೆಯಿರಿ.

ಫೈಲಿನ ಹೆಸರು ಡಾಕ್ಯುಮೆಂಟ್.ಟೈಟಲ್ ಇಂದ ಬರುತ್ತದೆ. ಖಾತೆಗೆ ಬೇರೆಯದೇ ಪುಟ ಮಾಡಿ ಅದರ ಟೈಟಲ್ ಸರಿಯಾಗಿ ಇಡುವುದು ಒಳ್ಳೆಯದು. ಪ್ರಿಂಟಿಗೆ ಮುಂಚೆ ಟೈಟಲ್ ಬದಲಿಸಿ ತಕ್ಷಣ ವಾಪಸ್ ಹಾಕುವ ತಂತ್ರ ಫೋನಿನಲ್ಲಿ ಕೈಕೊಡುತ್ತದೆ, ಅಲ್ಲಿ ಪ್ರಿಂಟ್() ಕಿಟಕಿ ಮುಚ್ಚುವ ತನಕ ಕಾಯುತ್ತದೆ ಎಂಬ ಭರವಸೆ ಇಲ್ಲ. ವಿಂಡೋಸಿನಲ್ಲಿ "ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್" ಆರಿಸಬೇಡಿ ಎಂದು ಗುಮಾಸ್ತರಿಗೆ ಹೇಳಿಡಿ. ಅದು ಪ್ರಿಂಟರಿನ ದಾರಿ, ಕ್ರೋಮಿನ ಸ್ವಂತ ಪಿಡಿಎಫ್ ಅಲ್ಲ.

---

ಯಾರ್ಡ್_ವೆಬ್ (ದಾವಣಗೆರೆ):

ಖಾತೆಗೆ ಇದೇ ಸರಿ ಸರ್, ಅದು ಮಂಡಿಯ ಕಂಪ್ಯೂಟರಿನಲ್ಲೇ ಆಗುವ ಕೆಲಸ. ಪಟ್ಟಿಯ ಕಥೆ ಬೇರೆ. ತೂಕದ ಹತ್ತಿರ ನಿಂತವರು ಆಂಡ್ರಾಯ್ಡ್ ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಫೈಲು ತಯಾರಾಗಿ ರೈತರ ವಾಟ್ಸಾಪಿಗೆ ಹೋಗಬೇಕು. ನಡುವೆ ಪ್ರಿಂಟ್ ಕಿಟಕಿ ಬಂದರೆ ಜೋಳದ ಕಾಲದಲ್ಲಿ ಸಾಲು ನಿಂತುಬಿಡುತ್ತದೆ. ಎಚ್‌ಟಿಎಂಎಲ್2ಪಿಡಿಎಫ್ ದಾರಿಯನ್ನೇ ಸರಿಪಡಿಸಲು ಬರುತ್ತದೆಯೇ? ಬಿಳಿ ಹಾಳೆ ಯಾಕೆ ಬರುತ್ತದೆ ಎಂಬುದೂ ಗೊತ್ತಾಗಬೇಕು.

---

ತುಂಗಭದ್ರಾ_ತೀರ (ಹರಿಹರ):

ಬರುತ್ತದೆ. ಬಿಳಿ ಹಾಳೆಯ ಲೆಕ್ಕ ಮೊದಲು ನೋಡ್ರಿ.

ಎಚ್‌ಟಿಎಂಎಲ್2ಪಿಡಿಎಫ್ ಇಡೀ ದಾಖಲೆಯನ್ನು ಒಂದೇ ಉದ್ದನೆಯ ಕ್ಯಾನ್ವಾಸ್ ಮೇಲೆ ಬಿಡಿಸಿ, ಆಮೇಲೆ ಅದನ್ನು ಪುಟದ ಎತ್ತರಕ್ಕೆ ತುಂಡು ಮಾಡುತ್ತದೆ. ಎ4 ಅಂದರೆ 210 × 297 ಮಿ.ಮೀ., 96 ಡಿಪಿಐ ಲೆಕ್ಕದಲ್ಲಿ ಹತ್ತಿರ ಹತ್ತಿರ 794 × 1123 ಪಿಕ್ಸೆಲ್. ಸ್ಕೇಲ್ 2 ಆದಾಗ 1588 × 2246. ಕ್ರೋಮಿನಲ್ಲಿ ಕ್ಯಾನ್ವಾಸಿನ ಒಂದು ಬದಿ 65,535 ಪಿಕ್ಸೆಲ್ ದಾಟುವಂತಿಲ್ಲ. 2246ರಿಂದ ಭಾಗಿಸಿದರೆ 29 ಪುಟ. ನಿಮ್ಮ 40 ಪುಟಕ್ಕೆ 89,840 ಪಿಕ್ಸೆಲ್ ಎತ್ತರ ಬೇಕು. ಮಿತಿ ದಾಟಿದ ಕ್ಯಾನ್ವಾಸ್ ತಪ್ಪು ಎಸೆಯುವುದಿಲ್ಲ, ಬಿಡಿಸಿದ್ದು ಯಾವುದೂ ಅದರ ಮೇಲೆ ಉಳಿಯುವುದಿಲ್ಲ, ಅಷ್ಟೇ. ಕನ್ಸೋಲ್ ಸುಮ್ಮನಿರುವುದು ಅದಕ್ಕೆ. ಫೈರ್‌ಫಾಕ್ಸಿನಲ್ಲಿ ಬದಿಯ ಮಿತಿ 32,767, ಅಂದರೆ 14 ಪುಟಕ್ಕೇ ಮುಗಿಯಿತು. ಐಫೋನ್ ಸಫಾರಿ ಬಹುಕಾಲ ಇಟ್ಟುಕೊಂಡು ಬಂದ ಮಿತಿ ವಿಸ್ತೀರ್ಣದ ಮೇಲೆ: 4096 × 4096, ಒಟ್ಟು 1,67,77,216 ಪಿಕ್ಸೆಲ್. ಒಂದು ಎ4 ಪುಟಕ್ಕೆ ಸುಮಾರು 35.7 ಲಕ್ಷ ಪಿಕ್ಸೆಲ್ ಬೇಕಾದ್ದರಿಂದ ಅಲ್ಲಿ 4 ಪುಟ ಹಿಡಿಸುತ್ತದೆ, ಐದನೆಯದು ಹಿಡಿಸುವುದಿಲ್ಲ. ನಿಮ್ಮ 6 ಪುಟ ಬಿಳಿ ಆಗಿದ್ದು ಹೀಗೆ.

ಹಾಗಾಗಿ ಎಚ್‌ಟಿಎಂಎಲ್2ಪಿಡಿಎಫ್ ಬಿಟ್ಟು, ಅದರೊಳಗಿನ ಎಚ್‌ಟಿಎಂಎಲ್2ಕ್ಯಾನ್ವಾಸ್ (ಪುಟವನ್ನು ಕ್ಯಾನ್ವಾಸ್ ಮೇಲೆ ಬಿಡಿಸುವ ಲೈಬ್ರರಿ) ಮತ್ತು ಜೆಎಸ್‌ಪಿಡಿಎಫ್ ಎರಡನ್ನೂ ನೇರವಾಗಿ ಬಳಸಿ. ಒಂದು ಪುಟ, ಒಂದು ಕ್ಯಾನ್ವಾಸ್, ಒಂದು ಆಡ್‌ಇಮೇಜ್. ಪುಟ ಸೇರಿಸಿದ ಮೇಲೆ ಆ ಕ್ಯಾನ್ವಾಸಿನ ವಿಡ್ತ್, ಹೈಟ್ ಎರಡನ್ನೂ 0 ಮಾಡಿ. ಸ್ಕೇಲ್ 2ರ ಎ4 ಪುಟ ಮೆಮೊರಿಯಲ್ಲಿ ಪಿಕ್ಸೆಲಿಗೆ 4 ಬೈಟಿನಂತೆ 14 ಎಂಬಿ ಹಿಡಿಯುತ್ತದೆ, ಹೀಗೆ ಖಾಲಿ ಮಾಡದೆ ಪುಟ ಬಿಡಿಸುತ್ತ ಹೋದರೆ ಕಡಿಮೆ ಮೆಮೊರಿಯ ಫೋನಿನಲ್ಲಿ ಟ್ಯಾಬೇ ಸತ್ತುಹೋಗುತ್ತದೆ.

ನಿಮ್ಮ ಪಟ್ಟಿ ಎ5, ಒಂದೇ ಪುಟ. ನಿಮಗೆ ಇದರ ಭಯ ಇಲ್ಲ. 148 × 210 ಮಿ.ಮೀ. ಎಂದರೆ 559 × 794 ಪಿಕ್ಸೆಲ್. ಸ್ಕೇಲ್ 3 ಕೊಟ್ಟರೂ 1677 × 2382, ಸುಮಾರು 40 ಲಕ್ಷ ಪಿಕ್ಸೆಲ್, ಯಾವ ಫೋನಿಗೂ ಭಾರವಲ್ಲ. 288 ಡಿಪಿಐ ಸಿಗುತ್ತದೆ, ಒತ್ತಕ್ಷರದ ಸಣ್ಣ ಸುಳಿಗಳು ಸ್ಪಷ್ಟ ಇರುತ್ತವೆ. ಸ್ಕೇಲ್ ಮಾತ್ರ ನೀವೇ ಬರೆಯಿರಿ. ಬರೆಯದಿದ್ದರೆ ಆ ಸಾಧನದ ಡಿವೈಸ್-ಪಿಕ್ಸೆಲ್-ರೇಶಿಯೋ ತೆಗೆದುಕೊಳ್ಳುತ್ತದೆ, ಕಂಪ್ಯೂಟರಿನಲ್ಲಿ 1, ಫೋನಿನಲ್ಲಿ 2.6 ಹೀಗೆ ಒಂದೊಂದು ಕಡೆ ಒಂದೊಂದು ಥರ.

ಫೋನಿನಲ್ಲಿ ಬೇರೆ ಥರ ಕಾಣುವುದಕ್ಕೆ ಕಾರಣ ನಿಮ್ಮ ಮೀಡಿಯಾ ಕ್ವೆರಿ. 360 ಪಿಕ್ಸೆಲ್ ಅಗಲದ ತೆರೆಗೆ ಕೋಷ್ಟಕ ಮಡಚಿಕೊಂಡಿರುತ್ತದೆ, ಅದೇ ರೂಪ ಚಿತ್ರವಾಗುತ್ತದೆ. ಪಟ್ಟಿಯ ಡಬ್ಬಿಗೆ 559 ಪಿಕ್ಸೆಲ್ ಅಗಲ ಗಟ್ಟಿ ಮಾಡಿ, ಎಚ್‌ಟಿಎಂಎಲ್2ಕ್ಯಾನ್ವಾಸಿನ ವಿಂಡೋವಿಡ್ತ್ ಆಯ್ಕೆಗೆ 1024ರಂಥ ಅಗಲ ಕೊಡಿ. ಆಗ ಅದು ಕಂಪ್ಯೂಟರಿನ ಸಿಎಸ್‌ಎಸ್ ಹಿಡಿಯುತ್ತದೆ. ಪಟ್ಟಿಯ ಡಬ್ಬಿಯನ್ನು ಡಿಸ್‌ಪ್ಲೇ ನನ್ ಮಾಡಿ ಬಚ್ಚಿಡಬೇಡಿ, ಅಳತೆ ಸೊನ್ನೆ ಆಗಿ ಖಾಲಿ ಬರುತ್ತದೆ. ತೆರೆಯ ಎಡಕ್ಕೆ ಆಚೆ, ಪೊಸಿಷನ್ ಆಬ್ಸಲ್ಯೂಟ್, ಲೆಫ್ಟ್ ಮೈನಸ್ 10000 ಪಿಕ್ಸೆಲ್ ಇಡಿ.

ಎಚ್‌ಟಿಎಂಎಲ್2ಕ್ಯಾನ್ವಾಸ್ ತೆರೆಯ ಫೋಟೋ ತೆಗೆಯುವುದಲ್ಲ ಎಂಬುದು ನೆನಪಿರಲಿ. ಡಾಮ್ (ಪುಟದ ಒಳರಚನೆ) ಓದಿ, ಸಿಎಸ್‌ಎಸ್ ಬೆಲೆಗಳನ್ನು ಓದಿ, ತಾನೇ ಹೊಸದಾಗಿ ಬಿಡಿಸುತ್ತದೆ. ಅಕ್ಷರ ಬಿಡಿಸುವುದು ಕ್ಯಾನ್ವಾಸಿನ ಫಿಲ್‌ಟೆಕ್ಸ್ಟ್, ಅದರ ಹಿಂದೆ ಬ್ರೌಸರಿನ ಜೋಡಣೆ ಇರುವುದರಿಂದ ಕನ್ನಡ ಸರಿ ಬರುತ್ತದೆ. ಆದರೆ ತನಗೆ ಗೊತ್ತಿಲ್ಲದ ಸಿಎಸ್‌ಎಸ್ ಸಿಕ್ಕರೆ ಮುಗ್ಗರಿಸುತ್ತದೆ. 1.4.1 ಆವೃತ್ತಿಗೆ ಓಕೆಎಲ್‌ಸಿಎಚ್ ಬಣ್ಣ ತಿಳಿಯುವುದಿಲ್ಲ. ಟೇಲ್‌ವಿಂಡ್ 4 (ಸಿದ್ಧ ಸಿಎಸ್‌ಎಸ್ ಕಟ್ಟು) ಬಳಸಿದ್ದರೆ, ಅದರ ಬಣ್ಣಗಳೆಲ್ಲ ಆ ರೂಪದಲ್ಲೇ ಇರುವುದರಿಂದ ತಪ್ಪು ಎಸೆದು ನಿಲ್ಲುತ್ತದೆ. ಪಟ್ಟಿಯೊಳಗೆ ಹೆಕ್ಸ್ ಬಣ್ಣ ಮಾತ್ರ ಬಳಸಿ. ಟೇಲ್‌ವಿಂಡಿನದೇ ಇನ್ನೊಂದು: ಅಕ್ಷರಗಳು ತಮ್ಮ ಜಾಗಕ್ಕಿಂತ ಕೆಲವು ಪಿಕ್ಸೆಲ್ ಕೆಳಗೆ ಜಾರಿದರೆ, ಅದರ ಮೂಲ ಸಿಎಸ್‌ಎಸ್ ಚಿತ್ರಗಳನ್ನು ಬ್ಲಾಕ್ ಮಾಡಿರುವುದು ಕಾರಣ. ಈ ಲೈಬ್ರರಿ ಸಾಲಿನ ತಳ ಅಳೆಯಲು ಒಂದು ಸಣ್ಣ ಚಿತ್ರವನ್ನು ಇಡುತ್ತದೆ, ಅದು ಬ್ಲಾಕ್ ಆದರೆ ಅಳತೆ ತಪ್ಪುತ್ತದೆ. ಇಮೇಜ್ ಟ್ಯಾಗಿಗೆ ಇನ್‌ಲೈನ್-ಬ್ಲಾಕ್ ಕೊಟ್ಟರೆ ಸರಿಹೋಗುತ್ತದೆ. ಲೆಟರ್-ಸ್ಪೇಸಿಂಗ್ ಕನ್ನಡಕ್ಕೆ ಬೇಡವೇ ಬೇಡ. ಅದು ಇದ್ದರೆ ಪದ ಪದವಾಗಿ ಬಿಡಿಸದೆ ತುಂಡು ತುಂಡಾಗಿ ಬಿಡಿಸುತ್ತದೆ. ಲೈನ್-ಹೈಟ್ 1.6ಕ್ಕೆ ಕಡಿಮೆ ಇಡಬೇಡಿ, ಸೆಲ್ಲುಗಳಿಗೆ ಓವರ್‌ಫ್ಲೋ ಹಿಡನ್ ಹಾಕಬೇಡಿ. "ಮೊಳಕಾಲ್ಮೂರು" ಇರುವ ಸೆಲ್ಲಿನಲ್ಲಿ ಮ-ಒತ್ತಿನ ಬಾಲ ಕತ್ತರಿಸಿಕೊಂಡು ಹೋಗುತ್ತದೆ.

ಮಂಡಿಯ ಲಾಂಛನ ಬೇರೆ ಡೊಮೇನಿನಲ್ಲಿದ್ದರೆ ಯೂಸ್‌ಕಾರ್ಸ್ ಟ್ರೂ ಕೊಡಬೇಕು, ಆ ಸರ್ವರ್ ಕೂಡ ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್ ಹೆಡರ್ ಕಳಿಸಬೇಕು. ಅಲೋಟೇಂಟ್ ಟ್ರೂ ಕೊಟ್ಟರೆ ಚಿತ್ರ ಕ್ಯಾನ್ವಾಸಿನ ಮೇಲೇನೋ ಬರುತ್ತದೆ, ಹೊರಗೆ ತೆಗೆಯುವಾಗ ಸೆಕ್ಯೂರಿಟಿ ಎರರ್. ಲಾಂಛನವನ್ನು ನಿಮ್ಮದೇ ಹೋಸ್ಟಿಂಗಿನಲ್ಲಿ ಇಟ್ಟುಕೊಂಡರೆ ಈ ಗೋಜೇ ಇಲ್ಲ.

ಚಿತ್ರ ಜೆಪೆಗ್ ಇರಲಿ, ಗುಣಮಟ್ಟ 0.92. ಪಿಎನ್‌ಜಿ ಕೊಡುವುದಾದರೆ ಆಡ್‌ಇಮೇಜ್‌ಗೆ ಫಾಸ್ಟ್ ಎಂಬ ಕಂಪ್ರೆಷನ್ ಸೇರಿಸಲೇಬೇಕು. ಇಲ್ಲದಿದ್ದರೆ ಪಿಕ್ಸೆಲಿಗೆ 3 ಬೈಟ್ ಹಾಗೇ ಕೂತು ಎ4 ಪುಟವೊಂದು 10 ಎಂಬಿ ದಾಟುತ್ತದೆ.

ಹೆಚ್ಚು ಪುಟ ಇದ್ದಾಗ ಸಾಲು ಸೀಳದಂತೆ ಮಾಡಲು ಉದ್ದ ಚಿತ್ರ ಕತ್ತರಿಸುವ ಬದಲು ಮೊದಲೇ ಪುಟ ಕಟ್ಟಿ. ಪ್ರತಿ ಸಾಲಿನ ಎತ್ತರವನ್ನು ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಇಂದ ಅಳೆದು ಕೂಡುತ್ತ ಹೋಗಿ, ಜಾಗ ಮುಗಿದಾಗ ಹೊಸ ಪುಟದ ಡಬ್ಬಿ ತೆರೆಯಿರಿ. "ಪುಟಕ್ಕೆ 29 ಸಾಲು" ಎಂದು ಗಟ್ಟಿ ಮಾಡಿಟ್ಟರೆ ಉದ್ದ ಹೆಸರಿನವರೊಬ್ಬರ ಸಾಲು ಎರಡಾದ ದಿನ ಕೆಡುತ್ತದೆ. ಡಬ್ಬಿಯ ಎತ್ತರ 1123 ಅಲ್ಲ, 1122 ಇಡಿ. 297 ಮಿ.ಮೀ. ನಿಜವಾಗಿ 1122.52 ಪಿಕ್ಸೆಲ್, ಆ ಅರ್ಧ ಪಿಕ್ಸೆಲ್ ಉಕ್ಕಿ ಕೊನೆಗೊಂದು ಖಾಲಿ ಹಾಳೆ ಹುಟ್ಟುವುದು ತೀರಾ ಸಾಮಾನ್ಯ.

ವಾಟ್ಸಾಪಿಗೆ: ಜೆಎಸ್‌ಪಿಡಿಎಫ್‌ನಿಂದ ಬ್ಲಾಬ್ (ಫೈಲಿನ ಕಚ್ಚಾ ಡೇಟಾ) ತೆಗೆದು, ಅಪ್ಲಿಕೇಶನ್/ಪಿಡಿಎಫ್ ಬಗೆಯ ಫೈಲ್ ಮಾಡಿ, ನ್ಯಾವಿಗೇಟರ್.ಕ್ಯಾನ್‌ಶೇರ್ ಕೇಳಿ, ಹೌದೆಂದರೆ ನ್ಯಾವಿಗೇಟರ್.ಶೇರ್. ಎಚ್‌ಟಿಟಿಪಿಎಸ್ ಇರಲೇಬೇಕು. ಒಂದೇ ಬಟನ್ನಿನ ಆಸೆ ಬಿಡಿ. ಬೆರಳು ಒತ್ತಿದ ಗುರುತು ಕ್ರೋಮಿನಲ್ಲಿ ಸುಮಾರು 5 ಸೆಕೆಂಡ್ ಮಾತ್ರ ಜೀವಂತ. ಪಿಡಿಎಫ್ ಆಗುವಷ್ಟರಲ್ಲಿ ಅದು ಕಳೆದರೆ ನಾಟ್‌ಅಲೋಡ್ ಎರರ್ ಬರುತ್ತದೆ. ವೇಗದ ಫೋನಿನಲ್ಲಿ ನಡೆದು ನಿಧಾನದ ಫೋನಿನಲ್ಲಿ ನಿಲ್ಲುವುದರಿಂದ ಇದನ್ನು ಪತ್ತೆ ಹಚ್ಚುವುದೂ ಕಷ್ಟ. "ಪಟ್ಟಿ ಮಾಡು" ಒಂದು ಬಟನ್, ಮುಗಿದ ಮೇಲೆ ಅದೇ ಜಾಗದಲ್ಲಿ "ಕಳಿಸು" ಇನ್ನೊಂದು.

---

ಡಿಟಿಪಿ_ಚಳ್ಳಕೆರೆ (ಚಳ್ಳಕೆರೆ):

ಇಷ್ಟೆಲ್ಲ ಯಾಕೆ ಬೇಕು? ನುಡಿ 01 ಇ ಫಾಂಟನ್ನು ಜೆಎಸ್‌ಪಿಡಿಎಫ್‌ಗೆ ಸೇರಿಸಿ, ಯುನಿಕೋಡ್ ಪಠ್ಯವನ್ನು ನುಡಿಗೆ ಪರಿವರ್ತಿಸಿ ಹಾಕಿದರೆ ಒತ್ತಕ್ಷರ ಸರಿಯಾಗೇ ಬರುತ್ತದೆ. ಫೈಲೂ ಚಿಕ್ಕದು, ಚಿತ್ರದ ಥರ ಮಸುಕಾಗುವುದಿಲ್ಲ.

---

ಕಲ್ಲಿನಕೋಟೆ (ಚಿತ್ರದುರ್ಗ):

ಅಣ್ಣ, ಅಚ್ಚು ಸರಿ ಬರುತ್ತದೆ ಎನ್ನುವುದು ನಿಜ. ಆ ಫಾಂಟಿನಲ್ಲಿ ಒತ್ತು, ಕೊಂಬು ಎಲ್ಲ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಬಿಡಿಬಿಡಿಯಾಗಿ ಕೂತಿವೆ, ಜೋಡಣೆಯ ಎಂಜಿನ್ ಬೇಕಾಗುವುದಿಲ್ಲ. ಬೆಲೆ ತೆರುವುದು ಆಮೇಲೆ. ಪಿಡಿಎಫ್ ಒಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಸಂಕೇತಗಳ ರಾಶಿ. ರೈತರ ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಓದಲಾಗದ ಸಾಲು ಬರುತ್ತದೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಪರಿವರ್ತಕದಲ್ಲಿ ಅರ್ಕಾವೊತ್ತಿನ ಸ್ಥಾನಪಲ್ಲಟ, ಎರಡು ಒತ್ತು ಇರುವ "ಶಾಸ್ತ್ರಿ"ಯಂಥ ಹೆಸರು ತಪ್ಪಿದರೆ ಲೆಕ್ಕದ ಕಾಗದದಲ್ಲಿ ಹೆಸರೇ ತಪ್ಪಾಗುತ್ತದೆ. ಗೋಡೆಗೆ ಹಚ್ಚುವ ಪೋಸ್ಟರಿಗಾದರೆ ನಡೆದೀತು, ವರ್ಷಗಟ್ಟಲೆ ಇಟ್ಟು ಹುಡುಕಬೇಕಾದ ದಾಖಲೆಗೆ ಖಂಡಿತ ಬೇಡ. ಮಂಡಿಯ ಹಳೆಯ ಎಕ್ಸೆಲ್ ನುಡಿಯಲ್ಲಿದ್ದರೆ ಅದನ್ನೇ ಒಮ್ಮೆ ಯುನಿಕೋಡಿಗೆ ತಂದುಬಿಡಿ.

---

ಜಗಳೂರು_ಕೋಡ್ (ಜಗಳೂರು):

ಹುಡುಕುವ ಮಾತು ಬಂದಿದ್ದರಿಂದ ಸೇರಿಸುತ್ತೇನೆ: ಜೆಪೆಗ್ ಪಟ್ಟಿಯಲ್ಲೂ ಪಠ್ಯ ಇರುವುದಿಲ್ಲ. ಅದಕ್ಕೆ ಸುಲಭದ ದಾರಿ ಉಂಟು. ಚಿತ್ರ ಹಾಕಿದ ಮೇಲೆ ಅದೇ ಜಾಗಗಳಲ್ಲಿ ಜೆಎಸ್‌ಪಿಡಿಎಫ್‌ನ ಟೆಕ್ಸ್ಟ್ ಕರೆಯಿಂದ ಹೆಸರು, ಊರು, ಪಟ್ಟಿ ಸಂಖ್ಯೆ, ಮೊತ್ತ ಬರೆದು, ರೆಂಡರಿಂಗ್‌ಮೋಡ್ ಆಯ್ಕೆಗೆ ಇನ್‌ವಿಸಿಬಲ್ ಕೊಡಿ. ಕನ್ನಡದ ಟಿಟಿಎಫ್ ಸೇರಿಸಿರಬೇಕು. ಡಬ್ಲ್ಯುಒಎಫ್‌ಎಫ್2 (ವೆಬ್ ಫಾಂಟಿನ ಕುಗ್ಗಿಸಿದ ರೂಪ) ನಡೆಯುವುದಿಲ್ಲ. ಇಲ್ಲಿ ಅಕ್ಷರ ಒಡೆದರೂ ಚಿಂತೆಯಿಲ್ಲ, ಯಾರಿಗೂ ಕಾಣುವುದಿಲ್ಲ. ಸಂಕೇತಗಳು ಬರೆದ ಕ್ರಮದಲ್ಲೇ ಒಂದಕ್ಕೊಂದು ಇರುವುದರಿಂದ ಹುಡುಕಾಟಕ್ಕೆ ಅದೇ ಅನುಕೂಲ. ನೀವು ಬಳಸುವ ಪಿಡಿಎಫ್ ಓದುಗದಲ್ಲಿ "ಚಿತ್ರದುರ್ಗ" ಎಂದು ಹುಡುಕಿ ಖಾತ್ರಿ ಮಾಡಿಕೊಳ್ಳಿ.

ಜೆಎಸ್‌ಪಿಡಿಎಫ್‌ನ ಡಾಕ್.ಎಚ್‌ಟಿಎಂಎಲ್() ಕಡೆ ಹೋಗಬೇಡಿ. ಅದರೊಳಗೂ ಎಚ್‌ಟಿಎಂಎಲ್2ಕ್ಯಾನ್ವಾಸೇ ಇದೆ, ಆದರೆ ಬಿಡಿಸುವುದು ನಿಜವಾದ ಕ್ಯಾನ್ವಾಸ್ ಮೇಲಲ್ಲ, ಜೆಎಸ್‌ಪಿಡಿಎಫ್‌ನ ಅನುಕರಣೆಯ ಮೇಲೆ. ಅಕ್ಷರ ಮತ್ತೆ ಅದೇ ಜೋಡಣೆಯಿಲ್ಲದ ದಾರಿಗೆ ಬಂದು ಒಡೆಯುತ್ತದೆ. ಕೋಷ್ಟಕ ಬಿಡಿಸುವ ಆಟೋಟೇಬಲ್ ಪ್ಲಗಿನ್ನೂ ಹಾಗೇ.

ಚಿತ್ರ ಬೇಡ, ಗೆರೆಯ ಅಕ್ಷರವೇ ಬೇಕು ಎಂದರೆ ಎರಡು ಆಯ್ಕೆ ಇವೆ. ಪಿಡಿಎಫ್-ಲಿಬ್ (ಇನ್ನೊಂದು ಪಿಡಿಎಫ್ ಲೈಬ್ರರಿ) ಜೊತೆ ಫಾಂಟ್ ಓದುವ ಫಾಂಟ್‌ಕಿಟ್ ಸೇರಿಸಿದರೆ ಅಕ್ಷರಗಳ ಬದಲಾವಣೆ ನಡೆಯುತ್ತದೆ, ಆದರೆ ಪಿಡಿಎಫ್-ಲಿಬ್ ಆ ಜೋಡಣೆಯಿಂದ ಬಂದ ಗ್ಲಿಫ್ (ಫಾಂಟಿನ ಒಂದೊಂದು ಅಕ್ಷರಚಿತ್ರ) ಸಂಖ್ಯೆಗಳನ್ನಷ್ಟೇ ತೆಗೆದುಕೊಂಡು, ಎಷ್ಟು ಎಡಕ್ಕೆ, ಎಷ್ಟು ಕೆಳಕ್ಕೆ ಎಂಬ ಸ್ಥಾನದ ಅಂಕಿಗಳನ್ನು ಬಿಟ್ಟುಬಿಡುತ್ತದೆ. ಫಾಂಟಿನ ಮೇಲೆ ಹೋಗುತ್ತದೆ. ಕೆಲವದರಲ್ಲಿ ಒತ್ತು ಜಾಗ ತಪ್ಪಿ ಕೂರಬಹುದು. ಎರಡನೆಯದು ಹಾರ್ಫ್‌ಬಜ್‌ಜೆಎಸ್, ಅಂದರೆ ಅದೇ ಹಾರ್ಫ್‌ಬಜ್ ವೆಬ್‌ಅಸೆಂಬ್ಲಿಯಲ್ಲಿ. ಇದು ಪ್ರತಿ ಗ್ಲಿಫಿಗೂ ಸಂಖ್ಯೆ, ಮುಂದೆ ಸರಿಯುವ ಅಗಲ, ಡಿಎಕ್ಸ್-ಡಿವೈ ಸ್ಥಾನ ಎಲ್ಲ ಕೊಡುತ್ತದೆ, ಗ್ಲಿಫಿನ ಗೆರೆಯನ್ನು ಎಸ್‌ವಿಜಿ ಪಾತ್ ರೂಪದಲ್ಲೂ ಕೊಡುತ್ತದೆ. ಅಕ್ಷರದ ಅಳತೆಯನ್ನು ಫಾಂಟಿನ ಯೂನಿಟ್ಸ್-ಪರ್-ಎಮ್ ಇಂದ ಭಾಗಿಸಿ ಸ್ಕೇಲ್ ಮಾಡಿ, ಪಾತನ್ನು ಪಿಡಿಎಫ್ ಒಳಗೆ ಬಿಡಿಸಬೇಕು. ಫಾಂಟಿನಲ್ಲಿ ವೈ ಅಕ್ಷ ಮೇಲ್ಮುಖ, ಎಸ್‌ವಿಜಿಯಲ್ಲಿ ಕೆಳಮುಖ. ತಿರುವದಿದ್ದರೆ ಅಕ್ಷರ ತಲೆಕೆಳಗಾಗುತ್ತದೆ. ಸಾಲು ಮುರಿಯುವುದು, ಬಲಕ್ಕೆ ಹೊಂದಿಸುವುದು ಎಲ್ಲ ನೀವೇ ಬರೆಯಬೇಕು. ಎಂಟು ಹತ್ತು ಖಾನೆಯ, ಜಾಗ ನಿಗದಿಯಾದ ಎ5 ಪಟ್ಟಿಗೆ ಇದು ಮಾಡಬಹುದಾದ ಕೆಲಸವೇ, ಫಲವೂ ಬಹಳ ಚೆಂದ. 40 ಪುಟದ ಖಾತೆಗೆ ಇಷ್ಟು ಕಷ್ಟ ಪಡುವ ಅಗತ್ಯ ಇಲ್ಲ.

---

ಯಾರ್ಡ್_ವೆಬ್ (ದಾವಣಗೆರೆ):

ಎಲ್ಲರಿಗೂ ಧನ್ಯವಾದ. ಖಾತೆಗೆ ಮುದ್ರಣದ ಸಿಎಸ್‌ಎಸ್, ಪಟ್ಟಿಗೆ ಸ್ಕೇಲ್ 3ರ ಚಿತ್ರ ಮತ್ತು ಕಾಣದ ಪಠ್ಯ, ಎರಡು ಬಟನ್. ₹ ಬದಲು "ರೂ." ಹಾಕಿದ್ದೇನೆ. ಒಂದು ಉಳಿದಿದೆ: ಪಟ್ಟಿಯ ತಲೆಯಲ್ಲಿ "ಯಾರ್ಡ್‌ನಲ್ಲಿ" ಎಂದು ಬರೆದದ್ದು ಪಿಡಿಎಫ್‌ನಲ್ಲಿ "ಯಾರ್ಡ್ನಲ್ಲಿ" ಆಗುತ್ತಿದೆ. ತೆರೆಯ ಮೇಲೆ ಬರೆಯುವಾಗ ಸರಿ ಇರುತ್ತದೆ.

---

ತುಂಗಭದ್ರಾ_ತೀರ (ಹರಿಹರ):

ಪಠ್ಯವನ್ನು ಉಳಿಸುವ ಮುಂಚೆ "ಕಾಣದ ಅಕ್ಷರ" ತೆಗೆಯುವ ರೆಗೆಕ್ಸ್ (ಪಠ್ಯದಲ್ಲಿ ಹುಡುಕಿ ಬದಲಿಸುವ ಸೂತ್ರ) ಏನಾದರೂ ಓಡುತ್ತಿದೆಯೇ ನೋಡ್ರಿ. ಇಂಗ್ಲಿಷಿಗೆ ಬರೆದ ಅಂಥ ಕೋಡು ಯುನಿಕೋಡ್ ಸಂಕೇತ 200ಬಿ ಇಂದ 200ಡಿ ತನಕ ಎಲ್ಲವನ್ನೂ ಅಳಿಸುತ್ತದೆ. ಅದರಲ್ಲಿ 200ಸಿ ಕನ್ನಡದಲ್ಲಿ ಅರ್ಧಾಕ್ಷರವನ್ನು ಒತ್ತಾಗದಂತೆ ತಡೆಯುವ ಸಂಕೇತ, "ಯಾರ್ಡ್‌ನಲ್ಲಿ" ನಿಂತಿರುವುದು ಅದರಿಂದ. 200ಡಿ ಅರ್ಕಾವೊತ್ತು ತಪ್ಪಿಸುವುದಕ್ಕೆ ಬೇಕು, "ರ‍್ಯಾಂಕ್" ಬರೆಯುವುದು ಅದರಿಂದ. ಈ ಎರಡನ್ನು ಬಿಟ್ಟು 200ಬಿ ಮತ್ತು ಎಫ್‌ಇಎಫ್‌ಎಫ್ ಮಾತ್ರ ಅಳಿಸಿ. ಹುಡುಕಾಟದ ಹೋಲಿಕೆಗೆ ಬೇಕಿದ್ದರೆ ಅಲ್ಲಿ ಮಾತ್ರ, ನಕಲಿನ ಮೇಲೆ, ಎಲ್ಲವನ್ನೂ ತೆಗೆದು ಹೋಲಿಸಿ. ಉಳಿಸುವ ಮತ್ತು ಅಚ್ಚು ಹಾಕುವ ಪಠ್ಯ ಟೈಪ್ ಮಾಡಿದ ಹಾಗೇ ಇರಲಿ.